ಒಕುದಾ ಅಜ್ಜಿಯ ಕಾಕಿ ಮರ

“ಬ್ರೇಕ್, ತಾತ, ಬ್ರೇಕ್” ಅಂತ ಇಬುಕಿ ಹೇಳಿ ಮುಗಿಸುವಷ್ಟರಲ್ಲಿ ರೈಲು ಕುರುಮಿದಾನಿ ಸ್ಟೇಷನ್ ದಾಟಿ ಗದ್ದೆ ಬಯಲಿಗೆ ಹೋಗಿ ನಿಂತಿತು.

ತಾತ ಕುರ್ಚಿಯಿಂದ ಎದ್ದರು. ಬಿಳಿ ಕೈಗವಸು ತೊಟ್ಟ ಕೈಗಳನ್ನು ತೊಡೆಗೆ ಒತ್ತಿಕೊಂಡು, ಕಂಪ್ಯೂಟರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. “ಪ್ರಯಾಣಿಕರು ದಯವಿಟ್ಟು ಕ್ಷಮಿಸಬೇಕು. ರೈಲು ನಿಲ್ಲಬೇಕಾದ ಜಾಗ ಬಿಟ್ಟು ಮುಂದೆ ಬಂದಿದೆ.”

“ಒಳಗೆ ಯಾರೂ ಇಲ್ಲ ತಾತ,” ಅಂದಳು ಇಬುಕಿ. “ನಾನಿನ್ನೂ ಪ್ರಯಾಣಿಕರನ್ನ ಹಾಕಿಲ್ಲ.”

“ಇರಲಿ. ತಪ್ಪು ತಪ್ಪೇ.”

ಪಕ್ಕದ ಮನೆಯ ಸೊಸುಕೆ ಅಕ್ಕಿ ಬಿಸ್ಕತ್ತು ಕಡಿಯುತ್ತ ಬೆರಳು ಮಡಿಚಿದ. “ಇದು ಮೂರನೇ ಸ್ಟೇಷನ್. ‘ನಮ್ಮ ತಾತ ಮೂವತ್ತೆಂಟು ವರ್ಷ ರೈಲು ಓಡಿಸಿದ್ದಾರೆ, ಒಂದು ಗೇಣೂ ಮುಂದೆ ಹೋಗಿಲ್ಲ’ ಅಂತ ಕ್ಲಾಸಲ್ಲೆಲ್ಲ ಹೇಳಿಕೊಂಡು ಬಂದೆಯಲ್ಲ. ಇದ್ಯಾವ ರಾಕ್ಷಸನ ಗೇಣು?”

ಇಬುಕಿಯ ಕಿವಿ ಕೆಂಪಾಯಿತು. ಶನಿವಾರ ಸ್ಕೂಲಲ್ಲಿ ಪ್ರದರ್ಶನ. ಎಲ್ಲರ ಅಪ್ಪ ಅಮ್ಮ ಬರುತ್ತಾರೆ. ಇಬುಕಿ ಮಾಡಿದ ಗೇಮಲ್ಲಿ ಅವಳ ತಾತನೇ ರೈಲು ಓಡಿಸುತ್ತಾರೆ ಅಂತ ಟೀಚರ್ ಬೋರ್ಡಿನ ಮೇಲೆ ಬರೆದೂ ಆಗಿತ್ತು.

ಮ್ಯಾಪಲ್ಲಿ ತಪ್ಪಿರೋಕೆ ಸಾಧ್ಯವೇ ಇರಲಿಲ್ಲ. ಎರಡು ತಿಂಗಳು ಕೂತು ಊರಿನ ರೈಲು ದಾರಿಯನ್ನು ಇದ್ದದ್ದು ಇದ್ದ ಹಾಗೆ ಗೇಮಿಗೆ ಇಳಿಸಿದ್ದಳು. ತಿರುವು, ಏರು, ಸಿಗ್ನಲ್, ಸೇತುವೆ ಎಲ್ಲ ಇತ್ತು. ಪ್ಲಾಟ್‌ಫಾರ್ಮುಗಳನ್ನಂತೂ ಹೆಜ್ಜೆ ಹಾಕಿ ಅಳೆದಿದ್ದಳು. ಮನೆ, ಮರ ಯಾರು ನೋಡುತ್ತಾರೆ ಅಂತ ಒಂದು ನೀಲಿ ಹೆಂಚಿನ ಮನೆ, ಒಂದು ಪೈನ್ ಮರ ಮಾಡಿ, ದಾರಿಯುದ್ದಕ್ಕೂ ಅದನ್ನೇ ಕಾಪಿ ಹೊಡೆದಿದ್ದಳು.

“ತಾತ, ನಿನಗೆ ದಾರಿ ಮರೆತುಹೋಗಿದೆಯಾ?” ಮೆಲ್ಲಗೆ ಕೇಳಿದಳು.

“ಮರೆಯೋದೆಲ್ಲಿ ಬಂತು? ಈ ನೀಲಿ ಮನೆಯವರು ಆಗಿನಿಂದ ನಮ್ಮ ಜೊತೆಗೇ ಓಡಿ ಬರ್ತಿದ್ದಾರೆ. ಒಕುದಾ ಅಜ್ಜಿ ಮನೆಯ ಕಾಕಿ ಹಣ್ಣಿನ ಮರ ಎಲ್ಲಿ? ಅದು ನನ್ನ ಭುಜದ ನೇರಕ್ಕೆ ಬಂದಾಗ ಬ್ರೇಕ್ ಹಾಕಬೇಕು. ಹಿಂದಿನ ಸ್ಟೇಷನ್ನಿಗೆ ಕ್ಷೌರದಂಗಡಿ ಮುಂದಿನ ಬಣ್ಣದ ಪಟ್ಟೆ ಕಂಬ. ಅದರ ಹಿಂದಿನದಕ್ಕೆ ಹಲ್ಲಿನ ಡಾಕ್ಟರ ಬೋರ್ಡು. ದೊಡ್ಡ ಹಲ್ಲೊಂದು ನಗ್ತಿರುತ್ತಲ್ಲ, ಅದು.”

ಸೊಸುಕೆಯ ಬಿಸ್ಕತ್ತು ಬಾಯಲ್ಲೇ ನಿಂತಿತು. “ಹಲ್ಲು ನೋಡಿ ರೈಲು ನಿಲ್ಲಿಸ್ತಿದ್ರಾ?”

“ಮತ್ತೇನು, ಹಲ್ಲು ಕಚ್ಚಿಕೊಂಡು ನಿಲ್ಲಿಸಲಾ?”

ಮರುದಿನ ಇಬುಕಿ ಸೈಕಲ್ ಹತ್ತಿ ಹೊರಟಳು. ಹಲ್ಲು ಇತ್ತು. ಕಂಬ ಇತ್ತು. ಕಾಕಿ ಮರ ಮಾತ್ರ ಇರಲಿಲ್ಲ. ಅಲ್ಲಿದ್ದದ್ದು ಒಂದು ಮೋಟು ಬುಡ, ಪಕ್ಕದಲ್ಲಿ ಜ್ಯೂಸ್ ಮಾರುವ ಕೆಂಪು ಮಷಿನ್.

ಇದ್ದದ್ದು ಇದ್ದ ಹಾಗೆ ಅಂದರೆ ಮಷಿನ್ ಹಾಕಬೇಕು. ತಾತ ನಿಲ್ಲಬೇಕು ಅಂದರೆ ಮರ ಬೇಕು. ಇಬುಕಿ ಬುಡದ ಮೇಲೆ ಕೂತು ತುಂಬ ಹೊತ್ತು ಯೋಚಿಸಿದಳು.

ಮನೆಗೆ ಬಂದು ಗೇಮಿಗೆ ಹಲ್ಲು, ಕಂಬ ಸೇರಿಸಿ, ಮಷಿನ್ ಬದಲು ಮರವನ್ನೇ ನೆಟ್ಟಳು. “ಕೊಂಬೆ ಇನ್ನೂ ಎಡಕ್ಕೆ,” ತಾತ ಬೆನ್ನ ಹಿಂದೆ ನಿಂತು ಹೇಳಿದರು. “ಹಣ್ಣು ಮೇಲುಗಡೆ ಮಾತ್ರ ಇರಲಿ. ಕೆಳಗಿನದನ್ನ ನಿಮ್ಮಪ್ಪ ಬಿಡ್ತಿರಲಿಲ್ಲ.” ಇಬುಕಿ ಇಪ್ಪತ್ತು ಪ್ರಯಾಣಿಕರನ್ನೂ ಹತ್ತಿಸಿದಳು. ತಾತ ಖಾಲಿ ಡಬ್ಬಿಗೆ ಕ್ಷಮೆ ಕೇಳಬಾರದಲ್ಲ.

ಶನಿವಾರ ತಾತ ರೈಲು ಡ್ರೈವರುಗಳ ರೂಢಿಯಂತೆ ಬೆರಳು ಚಾಚಿ “ಸಿಗ್ನಲ್, ಹಸಿರು” ಅಂತ ಗಟ್ಟಿಯಾಗಿ ಹೇಳಿದ್ದಕ್ಕೆ ಮುಂದಿನ ಸಾಲಿನ ಪಾಪು ಅಳತೊಡಗಿತು. ಹಲ್ಲು ಬಂತು, ರೈಲು ನಿಂತಿತು. ಕಂಬ ಬಂತು, ನಿಂತಿತು. ಕಾಕಿ ಮರ ಭುಜದ ನೇರಕ್ಕೆ ಬಂತು. ರೈಲು ಪ್ಲಾಟ್‌ಫಾರ್ಮಿನ ಗುರುತಿಗೆ ಸರಿಯಾಗಿ, ಒಂಚೂರೂ ಕುಲುಕದೆ ನಿಂತಿತು.

ಸೊಸುಕೆ ಪರದೆಗೆ ಮೂಗು ತಾಗಿಸಿ ನೋಡಿದ. “ಗೇಣಲ್ಲ, ಒಂದು ಬೆರಳೂ ಆಚೀಚೆ ಇಲ್ಲ.” ಆಮೇಲೆ ತಲೆ ಕೆರೆದುಕೊಂಡ. “ಆದರೆ ಆ ಮರ ಈಗಿಲ್ಲವಲ್ಲ. ಈಗಿನ ಡ್ರೈವರ್ ಏನು ಮಾಡ್ತಾರೆ?”

“ಸೋಮವಾರ ರೈಲಲ್ಲಿ ನೋಡಿ ಹೇಳ್ತೀನಿ,” ಅಂದಳು ಇಬುಕಿ.

ಸೋಮವಾರ ಸ್ಕೂಲಿಗೆ ಹೋಗುವ ರೈಲಲ್ಲಿ ಅವಳು ಡ್ರೈವರ್ ಹಿಂದಿನ ಗಾಜಿಗೆ ಅಂಟಿಕೊಂಡು ನಿಂತಳು. ಯಾವಾಗಲೂ ಹಳಿ ನೋಡುತ್ತಿದ್ದವಳು ಇವತ್ತು ಡ್ರೈವರನ್ನೇ ನೋಡಿದಳು. ಅಕ್ಕ ಅನ್ನಬಹುದಾದ ವಯಸ್ಸಿನ ಹುಡುಗಿ, ಕೈಗೆ ಬಿಳಿ ಕೈಗವಸು. ಕುರುಮಿದಾನಿ ಹತ್ತಿರವಾಯಿತು. ಡ್ರೈವರ್ ಕಣ್ಣು ಒಂದು ಕ್ಷಣ ಎಡಕ್ಕೆ ಹೊರಳಿತು. ಕೆಂಪು ಮಷಿನ್ ಅವಳ ಭುಜದ ನೇರಕ್ಕೆ ಬಂತು. ಕೈ ಬ್ರೇಕಿನ ಮೇಲೆ ಸರಿಯಿತು.

ಗಾಜಿನ ಈಚೆ ಇಬುಕಿಯೂ ಮೆಲ್ಲನೆ ಬೆರಳು ಚಾಚಿದಳು.

“ಕಾಕಿ ಮರ,” ಅಂದಳು, ತನಗೆ ಮಾತ್ರ ಕೇಳುವಷ್ಟು.