ಚಿತ್ರ ಬರುವ ತನಕ

ಡಿಸ್ಕಿನ ಹೊಳೆಯುವ ಮೈಗೆ ಯಾರೋ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿದ್ದರು.

“ನೋಡ್ರೀ ಇದನ್ನ,” ಎಂದು ಗುರುಬಸವ ಅದರ ಅಂಚು ಹಿಡಿದು ಐಶ್ವರ್ಯಳ ಮುಂದೆ ಎತ್ತಿದ. “ತುರ್ವಿಹಾಳದ ತಾಯಪ್ಪನವರು ವಾಪಸ್ ಕಳಿಸ್ಯಾರ. ಮಗಳ ಮದುವಿ ಡಿಸ್ಕು ಬೀಗರಿಗೆ ಹಂಗ ಹೆಂಗ ಕೊಡೂದು ಅಂತ, ದೇವರ ಮುಂದಿಟ್ಟು ಪೂಜಿ ಮಾಡ್ಯಾರ. ಈಗ ಓಡವಲ್ದಂತ.”

ಐಶ್ವರ್ಯ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. “ಹೆಸರು ಬರೆದಿದ್ದ ಕಡೀಗೆ ಹಚ್ಚಿದ್ರ ನಡೀತಿತ್ತಲ್ರೀ.”

“ನಾನೂ ಅದನ್ನ ಅಂದೆ. ‘ಚಂದ ಹೊಳಿಯೂ ಮಾರಿ ಬಿಟ್ಟು ಬೆನ್ನಿಗೆ ಯಾರರ ಕುಂಕುಮ ಹಚ್ತಾರೇನೋ ತಮ್ಮಾ’ ಅಂತ ನನಗ ಬೈದ್ರು.”

ಇಬ್ಬರೂ ನಕ್ಕರು. ಆದರೆ ಐಶ್ವರ್ಯಳ ನಗು ಬೇಗ ಆರಿತು. ಇವತ್ತು ಅವಳ ಎದೆಯಲ್ಲಿ ಬೇರೆಯೇ ಒಂದು ಮಾತು ಕುಳಿತಿತ್ತು.

ಗುರುಬಸವನದು ಮಸ್ಕಿಯಲ್ಲಿ ಸಣ್ಣ ಸ್ಟುಡಿಯೋ. ಮದುವೆ ಶೂಟಿಂಗ್ ಅವನದು, ಎಡಿಟಿಂಗ್ ಲಿಂಗಸುಗೂರಿನ ಐಶ್ವರ್ಯಳದು. ಪ್ರತಿ ಬುಧವಾರ ಅವಳು ಬಸ್ಸು ಹತ್ತಿ ಹೊಸ ಡಿಸ್ಕುಗಳನ್ನು ತರುತ್ತಾಳೆ. ಪೆನ್‌ಡ್ರೈವ್ ಎಷ್ಟೇ ಕೊಡಿ, ತಟ್ಟೆಯಲ್ಲಿಟ್ಟು ಬೀಗರ ಕೈಗೆ ಕೊಡಲು ಹಿರಿಯರಿಗೆ ಡಿಸ್ಕೇ ಬೇಕು. ಮತ್ತು ಸ್ಟುಡಿಯೋದ ಎಚ್‌ಡಿ ಪ್ಲೇಯರ್ ಒಪ್ಪದ ಡಿಸ್ಕು ಗಿರಾಕಿಯ ಮನೆಗೆ ಹೋಗುವಂತಿಲ್ಲ, ಇದು ಗುರುಬಸವನ ಕಟ್ಟುನಿಟ್ಟು.

ಆ ಪ್ಲೇಯರ್ ಎಚ್‌ಡಿ ಹೊಸದಾಗಿ ಬಂದ ಕಾಲದ್ದು. ಹಟ್ಟಿಯ ಗಣಿ ಆಫೀಸರೊಬ್ಬರು ಕ್ವಾರ್ಟರ್ಸ್ ಖಾಲಿ ಮಾಡುವಾಗ ಕೊಟ್ಟು ಹೋದದ್ದು. ನೋಡಲು ಗತ್ತು, ಎತ್ತಲು ಭಾರ. ಪೆನ್‌ಡ್ರೈವ್ ಅದಕ್ಕೆ ಗೊತ್ತಿಲ್ಲ, ಇಂಟರ್ನೆಟ್ಟಿನ ಗಾಳಿ ಸೋಕಿಲ್ಲ. ಡಿಸ್ಕಿನ ಮೇಲೆ ಒಂದು ಬೆರಳಚ್ಚು ಕಂಡರೂ ಹೊಸ ಅಳಿಯನಂತೆ ಮುನಿಸಿಕೊಳ್ಳುತ್ತಿತ್ತು. ಮುನಿಸಿಲ್ಲದ ದಿನವೂ ಚಿತ್ರ ಬರುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು.

ಆದರೆ ಚಿತ್ರ ಬಂತೆಂದರೆ, ಅಬ್ಬಾ! ಸಾದಾ ಡಿಸ್ಕಿಗೂ ಅದು ಜೀವ ತುಂಬುತ್ತಿತ್ತು. ಸೀರೆಯ ಜರಿ ಎಳೆ ಎಳೆಯಾಗಿ ಮಿನುಗುತ್ತಿತ್ತು. ಮದುಮಗಳ ಮೇಲ್ದುಟಿಯ ಮೇಲಿನ ಬೆವರ ಹನಿ ಕೂಡ ಕಾಣುತ್ತಿತ್ತು.

ಐಶ್ವರ್ಯಳಿಗೆ ಮಾತ್ರ ಇಷ್ಟವಾದದ್ದು ಚಿತ್ರವಲ್ಲ, ಚಿತ್ರ ಬರುವ ತನಕದ ಕಾಯುವಿಕೆ.

ಏಕೆಂದರೆ ಚಿತ್ರ ಮೂಡಿದ ಕೂಡಲೇ ಗುರುಬಸವ ಕಲ್ಲಿನ ಬಸವಣ್ಣನಾಗಿಬಿಡುತ್ತಿದ್ದ. ಕೆಲಸದಲ್ಲಿ ಮಾತಿಲ್ಲ, ಕತೆಯಿಲ್ಲ. ಅವನು ಮಾತಾಡುತ್ತಿದ್ದುದೆಲ್ಲ ಟಿವಿ ಕಪ್ಪಗಿದ್ದಾಗಲೇ. ಗೊರೇಬಾಳದ ನಾಟಿ ಗದ್ದೆಯಲ್ಲಿ ಕಂಡ ಬೆಳ್ಳಕ್ಕಿ ಸಾಲು, ಅವ್ವ ಮಾಡಿದ ಪುಂಡಿಪಲ್ಯ, ಚಿಕ್ಕವನಿದ್ದಾಗ ಕಾಲುವೆಯಲ್ಲಿ ಚಪ್ಪಲಿ ಕಳಕೊಂಡು ಏಟು ತಿಂದದ್ದು, ಏನೆಲ್ಲ! ಅವನನ್ನು ನೇರ ನೋಡಲು ಅವಳಿಗೆ ನಾಚಿಕೆ. ಆದರೆ ಆ ಕಪ್ಪು ಗಾಜಿನಲ್ಲಿ ಇಬ್ಬರ ಮುಖಗಳೂ ಮಸುಕಾಗಿ ತೇಲುತ್ತಿದ್ದವು. ಅಲ್ಲಿ ಎಷ್ಟು ಬೇಕಾದರೂ ನೋಡಬಹುದಿತ್ತು. ಒಮ್ಮೊಮ್ಮೆ ಅವನ ಕಣ್ಣೂ ಅಲ್ಲೇ ಸಿಗುತ್ತಿತ್ತು. ಸಿಕ್ಕದ್ದು ಗೊತ್ತಾದರೂ ಇಬ್ಬರೂ ಗೊತ್ತಾಗದವರಂತೆ ಕೂರುತ್ತಿದ್ದರು.

ಇವತ್ತು ಆ ಕತ್ತಲ ಗಳಿಗೆಯನ್ನೇ ನಂಬಿ ಅವಳು ಬಂದಿದ್ದಳು. ಸಿಂಧನೂರಿನ ದೊಡ್ಡ ಸ್ಟುಡಿಯೋದ ಮಹಮ್ಮದಸಾಬರು ಅವಳನ್ನು ಕೆಲಸಕ್ಕೆ ಕರೆದಿದ್ದರು. ದಿನಾ ಹೋಗುವ, ಹೆಸರು ತರುವ ಕೆಲಸ. ಸಂಜೆಯೊಳಗೆ ಫೋನ್ ಮಾಡುತ್ತೇನೆ, ಹೌದೋ ಅಲ್ಲವೋ ಹೇಳು ಎಂದಿದ್ದರು. ಹೌದೆಂದರೆ ಈ ಬುಧವಾರಗಳು ಇಲ್ಲಿಗೆ ಮುಗಿದವು. ‘ನಾ ಹೋಗ್ಲೋ ಬ್ಯಾಡೋ, ನೀವ ಹೇಳ್ರಿ’ ಎಂಬ ಒಂದೇ ಸಾಲನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದಳು.

ತಾಯಪ್ಪನವರಿಗಾಗಿ ಮಾಡಿದ ಹೊಸ ಡಿಸ್ಕನ್ನು ಟ್ರೇನಲ್ಲಿಟ್ಟು ಗುಂಡಿ ಒತ್ತಿದಳು. ಕಪ್ಪು ಗಾಜಿನತ್ತ ಕಣ್ಣೆತ್ತಿದಳು. ಗುರುಬಸವನ ಮುಖ ಅಲ್ಲಿ ಮೂಡಿತೋ ಇಲ್ಲವೋ, ಅಷ್ಟರಲ್ಲೇ ತಾಯಪ್ಪನವರ ಮನೆಯ ಹಂದರ ಝಗ್ಗೆಂದು ಬೆಳಗಿತು.

“ಅಯ್ಯ! ಏನಾತಿದು?”

ಗುರುಬಸವ ಹಿರಿಹಿರಿ ಹಿಗ್ಗಿದ. “ಹೊಸ ಸಾಫ್ಟ್‌ವೇರ್ ಹಾಕೀನ್ರಿ! ಹುಡುಕಿ ಹುಡುಕಿ ತೆಗದೆ, ಡಿಸ್ಕಿಗೆ ತುಂಬಿ ಪ್ಲೇಯರಿಗೆ ಹಾಕಿದೆ. ಜಲ್ದಿ ಚಾಲೂ ಆಗೋ ಸೆಟ್ಟಿಂಗ್ ಬ್ಯಾರೆ ಇತ್ತು, ಅದನ್ನೂ ಆನ್ ಮಾಡೀನಿ. ಈಗ ಬಂದ್ ಮಾಡಿದ್ರೂ ಒಳಗ ಎಚ್ಚರ ಇರ್ತೈತಿ. ಹೆಂಗೈತಿ?”

“ಚಲೋ ಐತಿ,” ಎಂದಳು ಐಶ್ವರ್ಯ. ಹೇಳಿದ ದನಿ ಅವಳಿಗೇ ಒಣಗಿದಂತೆ ಕೇಳಿಸಿತು.

ಅವನು ಆಗಲೇ ಕಲ್ಲಿನ ಬಸವಣ್ಣನಾಗಿದ್ದ. ಅವಳಿಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಓಹೋ, ಇವರಿಗೆ ನನ್ನ ಜೋಡಿ ಆ ಒಂದು ಗಳಿಗೆ ಕೂಡುವುದೂ ಬೇಡವಾಯಿತೇ? ಬಂದೆಯಾ, ತೋರಿಸಿದೆಯಾ, ಹೊರಡು ಅಂತಲೇ? ಹಾಗಾದರೆ ಸಿಂಧನೂರೇ ಸೈ. ವ್ಯಾನಿಟಿ ಬ್ಯಾಗಿನ ಜಿಪ್ಪನ್ನು ಜೋರಾಗಿ ಎಳೆದು ಎದ್ದುನಿಂತಳು.

“ಎಲ್ಲಿಗ್ರೀ? ಇನ್ನೂ ಅರ್ಧಾನೂ ನೋಡಿಲ್ಲ.”

“ಹಳೇ ಸಾಫ್ಟ್‌ವೇರ್ ತಿರುಗಿ ಹಾಕಾಕ ಬರ್ತೈತೇನ್ರೀ?”

“ಇಲ್ರೀ. ಒಮ್ಮೆ ಹೊಸದು ಹಾಕಿದ್ರ ಮುಗೀತು, ಇದು ಹಿಂದಕ್ಕ ಹೋಗಂಗಿಲ್ಲ. ಯಾಕ್ರೀ, ಚಿತ್ರ ಕೆಟ್ಟೈತೇನು?”

“ಚಿತ್ರಕ್ಕೇನಾಗೈತಿ! ಮಾತಾಡಾಕ ಹೊತ್ತ ಇಲ್ದಂಗ ಮಾಡೀರಿ.”

ಬಾಯಿ ತಪ್ಪಿ ಬಂದಿತ್ತು ಮಾತು. ಟಿವಿಯಲ್ಲಿ ಮಂಗಳವಾದ್ಯ ಶುರುವಾಯಿತು, ಜನ ಅಕ್ಕಿಕಾಳು ಒಗೆಯತೊಡಗಿದರು. ಗುರುಬಸವ ಮಾತ್ರ ಅವಳನ್ನೇ ನೋಡುತ್ತಿದ್ದ.

“ಹ್ವಾದ ಸಲ ಬಸ್ ತಪ್ಪಿ ಅಪ್ಪ ಬೈದ್ರು ಅಂದಿದ್ರಲ್ರೀ,” ಎಂದ ಮೆಲ್ಲಗೆ. “ಈ ಪ್ಲೇಯರ್ ಸಲುವಾಗಿ ನೀವು ಬೈಸಿಕೊಳ್ಳೂದು ಬ್ಯಾಡ ಅಂತ ಇಷ್ಟೆಲ್ಲಾ ಮಾಡಿದೆ.”

ಐಶ್ವರ್ಯಳ ಸಿಟ್ಟು ಬೆಣ್ಣೆಯಂತೆ ಕರಗಿತು. ಆದರೆ ಕರಗಿದ ಮೇಲೂ ಸಿಂಧನೂರು ಅಲ್ಲೇ ಇತ್ತಲ್ಲ! ಮಹಮ್ಮದಸಾಬರ ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಬಾಯಿಪಾಠ ಮಾಡಿದ ಸಾಲು ಮಾತ್ರ ನಾಲಿಗೆಗೆ ಬರಲೇ ಇಲ್ಲ.

ಗುರುಬಸವ ರಿಮೋಟ್ ತೆಗೆದುಕೊಂಡು, ಅಕ್ಕಿಕಾಳು ಬೀಳುತ್ತಿದ್ದ ಹೊತ್ತಿನಲ್ಲೇ ಟಿವಿ ಆರಿಸಿದ. ನಡೆಯುತ್ತಿದ್ದ ಡಿಸ್ಕನ್ನು ಅವನು ಹೀಗೆ ನಡುವೆಯೇ ಬಿಟ್ಟದ್ದನ್ನು ಅವಳು ಕಂಡಿರಲೇ ಇಲ್ಲ.

“ಹೋಗ್ರಿ,” ಎಂದ. “ನಿಮ್ಮಂಗ ಎಡಿಟ್ ಮಾಡೋರು ಈ ಕಡೆ ಯಾರದಾರ? ಅಷ್ಟ್ ಚಲೋ ಕೆಲಸ ಬಿಡಬ್ಯಾಡ್ರಿ.”

ಐಶ್ವರ್ಯ ಬ್ಯಾಗನ್ನು ಹೆಗಲಿಗೇರಿಸಿದಳು. ಇಷ್ಟೇ ಏನು?

“ಆದ್ರ,” ಎಂದು ಅವನು ರಿಮೋಟಿನ ಗುಂಡಿಗಳನ್ನು ಸವರುತ್ತ ನಿಂತ. “ಲಿಂಗಸುಗೂರಿಂದ ದಿನಾ ಸಿಂಧನೂರು ಭಾಳ ದೂರ ಆಗ್ತೈತಿ.”

“ಏನ್ ಮಾಡೂದ್ರೀ ಮತ್ತ?”

“ಮಸ್ಕಿಯಿಂದ ಅರ್ಧಾ ದಾರಿ ಅಷ್ಟ.”

“ಮಸ್ಕ್ಯಾಗ ನನಗ ಯಾರದಾರ?”

ಅವನು ಮುಖವೆತ್ತಿದ. ಕಿವಿ ಕೆಂಪಗಾಗಿದ್ದವು. “ಯಾರೂ ಇಲ್ಲಂತೀಯೇನು? ಅವ್ವ ಅದಾಳ. ಮನಿ ಐತಿ. ನಾ ಅದೀನಿ. ನಿನ್ನ ಮ್ಯಾಲ ನನಗ ಭಾಳ ಮನಸೈತಿ, ಐಶ್ವರ್ಯಾ. ಬುಧವಾರಕ್ಕೊಮ್ಮೆ ನೋಡಿ ಸಾಕಾಗವಲ್ದು. ನೀ ಹೂಂ ಅಂದ್ರ ಅವ್ವನ್ನ ಕರಕೊಂಡು ನಿಮ್ಮಪ್ಪನ ಹತ್ರ ಬರ್ತೀನಿ.”

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಏನಾದರೂ ಹೇಳಬೇಕೆಂದು ತುಟಿ ಬಿಡಿಸುವಷ್ಟರಲ್ಲಿ ಬ್ಯಾಗಿನಲ್ಲಿ ಫೋನ್ ಬಡಿದುಕೊಂಡಿತು. ಮಹಮ್ಮದಸಾಬರು.

“ಹೂಂ, ಬರ್ತೀನ್ರಿ ಸಾಬ್ರ,” ಎಂದಳು. “ಬರೂ ತಿಂಗಳ ಒಂದನೇ ತಾರೀಕಿಗೆ.”

ಅತ್ತಲಿಂದ ಮಹಮ್ಮದಸಾಬರ ಗಡಸು ದನಿ ಗುರುಬಸವನಿಗೂ ಕೇಳಿಸುವಷ್ಟು ಜೋರಾಗಿತ್ತು. “ಖುಷಿ ಆತಮ್ಮಾ. ಆದ್ರ ಲಿಂಗಸುಗೂರಿಂದ ದಿನಾ ಓಡಾಡಾಕ ಆಗ್ತೈತೇನು?”

ಐಶ್ವರ್ಯ ಗುರುಬಸವನ ಮುಖವನ್ನು ನೇರವಾಗಿ, ಕಣ್ಣು ತುಂಬ ನೋಡಿದಳು.

“ಸ್ವಲ್ಪ ದಿನ ಅಷ್ಟರೀ ಸಾಬ್ರ,” ಎಂದಳು. “ಆಮ್ಯಾಲ ಮಸ್ಕಿಯಿಂದ ಬರ್ತೀನಿ.”