ಕೇಳದೆ ಹಂಚಿದ ಹಾಡುಗಳು

ಕಳ್ಳನ ಮುಖ ನೋಡಿ ನಾಲ್ಕು ಮಾತು ಬೈದು ಬರಬೇಕೆಂದೇ ಅವಳು ಆ ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದ್ದಳು. ಆದರೆ ಅವನು ಬೈಯಲು ಬಿಡಬೇಕಲ್ಲ. ಬಾಗಿಲು ತಳ್ಳಿ ಬಂದವಳನ್ನು ಗಿರಾಕಿ ಎಂದುಕೊಂಡು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಎಂದುಬಿಟ್ಟ.

ಅವಳು ಗಾಯಕಿ. ಕೆಲವು ವರ್ಷಗಳ ಹಿಂದೆ ಅವಳದೊಂದು ಆಲ್ಬಂ ಬಂದಿತ್ತು. ಅದು ಓಡಲಿಲ್ಲ, ನಿಮ್ಮ ಧ್ವನಿ ಯಾರಿಗೂ ಬೇಕಾಗಿಲ್ಲ ಎಂದು ಮ್ಯೂಸಿಕ್ ಕಂಪನಿಯವರು ಕೈತೊಳೆದುಕೊಂಡರು. ಅಂದಿನಿಂದ ಅವಳು ಹಾಡುವುದನ್ನೇ ಬಿಟ್ಟು, ಜಾಹೀರಾತುಗಳಲ್ಲಿ ಸೋಪು, ಬಿಸ್ಕತ್ತುಗಳ ಹೆಸರು ಹೇಳುತ್ತ ದಿನ ದೂಡುತ್ತಿದ್ದಳು. ಈಗ ಅದೇ ಕಂಪನಿಯ ವಕೀಲರು ಫೋನ್ ಮಾಡಿದ್ದರು. ಒಬ್ಬ ಕನ್ನಡಕದವನು ಅವಳ ಹಾಡುಗಳನ್ನೆಲ್ಲ ಇಂಟರ್‌ನೆಟ್‌ಗೆ ಹಾಕಿದ್ದಾನಂತೆ, ಸಾವಿರಾರು ಜನ ಬಿಟ್ಟಿಯಾಗಿ ಇಳಿಸಿಕೊಂಡಿದ್ದಾರಂತೆ. ಅವನಿಂದಲೇ ನನ್ನ ಬದುಕು ಹಾಳಾಯಿತು ಎಂದು ಅವಳು ಕೋರ್ಟಿನಲ್ಲಿ ಹೇಳಬೇಕಂತೆ.

ಸಿಟ್ಟಿನಲ್ಲೇ ಅವಳು ಅಕ್ಷರಗಳನ್ನು ಓದತೊಡಗಿದಳು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಗಾಜು ಬದಲಾಯಿಸುತ್ತಿದ್ದ ಅವನ ಕೈ ನಿಂತುಹೋಯಿತು.

"ಆ 'ಳ' ಇನ್ನೊಂದ್ಸಲ ಹೇಳ್ತೀರಾ?"

ಹೇಳಿದಳು. ಅವನು ಅವಳನ್ನೇ ನೋಡಿದ. ಕಣ್ಣು ಪರೀಕ್ಷೆ ಮಾಡುವವನ ನೋಟ ಅದಾಗಿರಲಿಲ್ಲ.

"ಈ ಧ್ವನಿ ನನಗೆ ಗೊತ್ತು," ಎಂದ ಮೆಲ್ಲಗೆ.

"ಗೊತ್ತಿರಲೇಬೇಕಲ್ಲ. ಕದ್ದಿದ್ದು ನೀವೇ ತಾನೆ?"

ಅವನ ಮುಖ ಕಿವಿಯವರೆಗೂ ಕೆಂಪೇರಿತು. ತೊದಲುತ್ತಲೇ ಹೇಳಿದ: ಅವನು ಕೊಂಡ ಡಿಸ್ಕ್ ಹಾಕಿ ಹಾಕಿ ಗೀರುಬಿದ್ದು ಹಾಳಾಗಿತ್ತು. ಇನ್ನೊಂದು ಕೊಡಿ ಎಂದು ಕಂಪನಿಗೆ ಎಷ್ಟೋ ಸಲ ಬರೆದ. ಅದನ್ನು ನಿಲ್ಲಿಸಿದ್ದೇವೆ, ಮತ್ತೆ ತರುವುದಿಲ್ಲ ಎಂದರು. ತನ್ನಂತೆಯೇ ಕಂಪನಿಗೆ ಬರೆದು ಬರೆದು ಹುಡುಕುತ್ತಿದ್ದವರು ಬೇಕಾದಷ್ಟು ಜನರಿದ್ದರು. ಉಳಿದಿದ್ದನ್ನೇ ಸರಿಪಡಿಸಿ ಅವರಿಗೆಲ್ಲ ಸಿಗುವಂತೆ ಹಾಕಿದ್ದ.

"ನನ್ನನ್ನ ಒಂದು ಮಾತು ಕೇಳಿದ್ರಾ?"

"ಇಲ್ಲ. ಕೇಳಬೇಕಿತ್ತು. ತಪ್ಪಾಯ್ತು."

ವಾದಕ್ಕೆ ಸಜ್ಜಾಗಿ ಬಂದವಳಿಗೆ ಇದರಿಂದ ಇನ್ನಷ್ಟು ಮೈ ಉರಿಯಿತು. ಎದ್ದು ಹೊರಟಳು. ನಿಮ್ಮ ಕಣ್ಣಿಗೇನೂ ಆಗಿಲ್ಲ ಎಂದು ಹಿಂದಿನಿಂದ ಅವನು ಹೇಳಿದ್ದು ಕೇಳಿಸಿತು.

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಾಯಿಸಿತು. ಅಷ್ಟು ಜನ ಹುಡುಕುತ್ತಿದ್ದರೆ, ಯಾರಿಗೂ ಬೇಕಾಗಿಲ್ಲ ಎಂದು ಕಂಪನಿಯವರು ಯಾಕೆ ಹೇಳಿದರು?

ಅದನ್ನು ಕೇಳಲೆಂದೇ ಮರುದಿನ ಮತ್ತೆ ಅವನ ಅಂಗಡಿಗೆ ಹೋದಳು. ಅವನು ಕಂಪ್ಯೂಟರ್ ಅವಳ ಕಡೆ ತಿರುಗಿಸಿದ. ಕೇಳಿದವರ ಮಾತುಗಳು ಅಲ್ಲಿದ್ದವು. ಡ್ಯೂಟಿಗೆ ಹೋಗುವಾಗ ಇದೇ ಹಾಡು ಬೇಕು ಎಂದು ಒಬ್ಬ ನರ್ಸ್ ಬರೆದಿದ್ದಳು. ಈಕೆ ಈಗ ಯಾಕೆ ಹಾಡುತ್ತಿಲ್ಲ ಎಂದು ಯಾರೋ ಕೇಳಿದ್ದರು. ಓದುತ್ತ ಓದುತ್ತ ಅವಳ ಕಣ್ಣು ತುಂಬಿ ಬಂತು. ಅವನು ಗಾಜು ಒರೆಸುವ ಮೆತ್ತನೆಯ ಬಟ್ಟೆಯನ್ನು ಮುಂದಿಟ್ಟ.

ಅವಳು ಬೈದುಹೋದ ಸಂಜೆಯೇ ಹಾಡುಗಳನ್ನು ತೆಗೆದುಹಾಕಿದ್ದನಂತೆ.

"ತೆಗೀರಿ ಅಂತ ನಾನು ಹೇಳಿದ್ನಾ?"

"ಇರಲಿ ಅಂತಲೂ ಹೇಳಲಿಲ್ಲ," ಎಂದು ಅವನು ಓರೆಗಣ್ಣಿನಲ್ಲಿ ನೋಡಿದ. ಅವಳು ನೋಡಿದ ಕೂಡಲೇ, ಆಗಲೇ ಫಳಫಳ ಹೊಳೆಯುತ್ತಿದ್ದ ಗಾಜನ್ನು ಮತ್ತೆ ತಿಕ್ಕತೊಡಗಿದ. ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡಳು.

ಆಮೇಲೆ ಒಂದಲ್ಲ ಒಂದು ನೆಪ ಹುಟ್ಟುತ್ತಲೇ ಹೋಯಿತು. ಚೆನ್ನಾಗಿರೋ ಕಣ್ಣನ್ನ ಎಷ್ಟು ಸಲ ತೋರಿಸ್ತೀಯೇ ಎಂದು ಅತ್ತಿಗೆ ಕಾಲೆಳೆದರು. ಅವಳು ಕಿವುಡಿಯಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ವಿಚಾರಣೆಯ ದಿನ ಬಂತು. ವಕೀಲರು ಹೇಳಿಕೊಟ್ಟ ಮಾತು ಅವಳ ಬಾಯಿಂದ ಬರಲಿಲ್ಲ.

"ಇವರು ಮಾಡಿದ್ದು ತಪ್ಪು. ನನ್ನನ್ನ ಕೇಳಬೇಕಿತ್ತು," ಎಂದಳು. "ಆದರೆ ನನ್ನ ಬದುಕು ಹಾಳು ಮಾಡಿದ್ದು ಇವರಲ್ಲ. ಜನ ನನ್ನ ಹಾಡು ಬೇಕು ಅಂತ ಬರೀತಾನೇ ಇದ್ರು. ಕಂಪನಿಯವರು ಅದನ್ನ ಮುಚ್ಚಿಟ್ಟು, ಯಾರಿಗೂ ಬೇಡ ಅಂತ ನನಗೆ ಹೇಳಿದ್ರು. ತಾವೂ ಮಾರಲಿಲ್ಲ, ನನಗೂ ವಾಪಸ್ ಕೊಡಲಿಲ್ಲ. ಹಾಗಾದರೆ ಕಳ್ಳರು ಯಾರು?"

ವಕೀಲರ ಮುಖ ಸುಟ್ಟ ಬದನೆಕಾಯಿಯಂತಾಯಿತು. ವಿಷಯ ಪೇಪರಿಗೆ ಬಂದು ಮಾನ ಹೋದೀತೆಂದು ಹೆದರಿದ ಕಂಪನಿ ಅಂದೇ ಕೇಸು ಹಿಂತೆಗೆದುಕೊಂಡಿತು. ಹಾಡುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅವಳು ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅವು ತಮ್ಮವೇ ಎಂದರು, ಇನ್ನು ನಮ್ಮ ಬಾಗಿಲಿಗೆ ಬರಬೇಡಿ ಎಂದರು.

ಅವಳು ಹೊರಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತಳು. ಕರಿಕೋಟುಗಳು ಅತ್ತಿತ್ತ ಓಡಾಡುತ್ತಿದ್ದವು. ಅವನು ಬಂದು ಒಂದು ಗೇಣು ದೂರದಲ್ಲಿ ಕೂತ.

"ನನ್ನ ಹಾಡಿಗೆ ಬೀಗ ಹಾಕ್ಕೊಂಡು ಕೂತಿರಲಿ," ಎಂದಳು. "ಗಂಟಲಿಗೆ ಹಾಕೋಕಾಗಲ್ಲ. ಹೊಸದು ಹಾಡ್ತೀನಿ."

"ಹಾಡಿ." ಅವನು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. "ಇಷ್ಟು ವರ್ಷ ನಿಮ್ಮ ಧ್ವನಿ ಅಂದ್ರೆ ಪ್ರಾಣ ಅಂದ್ಕೊಂಡಿದ್ದೆ. ಈಗ ನೀವು ಮಾತಾಡದೆ ಸುಮ್ನೆ ಅಂಗಡೀಲಿ ಕೂತಿದ್ರೂ ಹಾಗೇ ಅನ್ಸತ್ತೆ. ಯಾವತ್ತೋ ಹೇಳಬೇಕಿತ್ತು."

ಅವಳು ತಿರುಗಿ ನೋಡಿದಳು. ಬೆಳಗಿನಿಂದ ಉರಿಯುತ್ತಿದ್ದ ಸಿಟ್ಟೆಲ್ಲ ಒಮ್ಮೆಲೇ ಅವನ ಮೇಲೆ ತಿರುಗಿತು.

"ಊರಿಗೆಲ್ಲ ಹಂಚೋಕೆ ಬರತ್ತೆ. ನನಗೊಬ್ಬಳಿಗೆ ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಆಗಲೇ ಆ ಒಂದು ಗೇಣನ್ನು ಸರಿದು, ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.