ಮಾತು ಮುಟ್ತೇನು?

"ಹಲೋ! ಹಲೋ! ನವಾಜ್, ಕೇಳಸ್ತದೇನು?"

ಗುರುದೇವಿ ಫೋನಿನಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಉತ್ತರವೇನೋ ಬಂತು. ಆದರೆ ಫೋನಿನಿಂದಲ್ಲ, ಕಿಟಕಿಯಿಂದ! ಅಂಗಳದ ಆಚೆ ಬಿಸಿಯೂಟದ ಕೋಣೆಯ ಬಾಗಿಲಲ್ಲಿ ನಿಂತು ನವಾಜ್ ಕೈ ಬೀಸುತ್ತಿದ್ದ.

"ಗಾಳ್ಯಾಗ ಕೇಳಸ್ತದ. ಫೋನಿನಾಗ ನಿನ್ನ ಉಸಿರೂ ಬರವಲ್ದು!"

ಇವತ್ತು ಗುರುವಾರ. ಶನಿವಾರ ಶಹಾಪುರದ ಅವರ ಶಾಲೆಯಲ್ಲಿ ವಿಜ್ಞಾನ ಮೇಳ. ಐದನೇ ಕ್ಲಾಸಿನ ಗುರುದೇವಿ, ನವಾಜ್ ಇಬ್ಬರೂ ಸೇರಿ ಎರಡು ಹಳೇ ಫೋನು ಮಾತಾಡಿಸಿ ತೋರಿಸಬೇಕಿತ್ತು. ಹಳೇದು ಅಂದರೆ ನಿಮ್ಮ ಮನೆಯ ಹಳೇ ಮೊಬೈಲ್ ಅಂದುಕೊಳ್ಳಬೇಡಿ. ಇಟ್ಟಿಗೆಗಿಂತ ಭಾರದ ಕರೀ ಡಬ್ಬಿ, ಪಕ್ಕಕ್ಕೊಂದು ಹಿಡಿಕೆ. ಈ ಕಡೆ ಹಿಡಿಕೆ ತಿರುಗಿಸಿದರೆ ತಂತಿಯ ಆ ತುದಿಯ ಫೋನು ಗಣಗಣ ಅನ್ನಬೇಕು, ಅಲ್ಲಿದ್ದವರು ರಿಸೀವರ್ ಎತ್ತಿ ಮಾತಾಡಬೇಕು.

ಅವು ಆಯಿಯ ಫೋನುಗಳು. ಆಯಿ ಅಂದರೆ ಗುರುದೇವಿಯ ಅಪ್ಪನ ಅವ್ವ, ಮುದುಕಮ್ಮ. ನಾರಾಯಣಪುರದ ಕಡೆ, ಕಾಲುವೆಗೆ ನೀರು ಬಿಡುವ ಗೇಟಿನ ಫೋನ್ ರೂಮಿನಲ್ಲಿ ಮೂವತ್ತು ವರ್ಷ ಕೂತು ಕೆಲಸ ಮಾಡಿದವಳು. ಹಳೇ ಫೋನು ತೆಗೆದುಹಾಕುವಾಗ ಸಾಹೇಬರನ್ನು ಕೇಳಿ ಎರಡನ್ನೂ ಮನೆಗೆ ತಂದುಕೊಂಡಿದ್ದಳು. ಅವು ಇಷ್ಟು ದಿನ ಟ್ರಂಕಿನಲ್ಲಿ ಹಳೇ ಸೀರೆಯ ನಡುವೆ ನಿದ್ದೆ ಹೊಡೆಯುತ್ತಿದ್ದವು. ಅವನ್ನು ಹೊರಗೆ ತೆಗೆಸಿ, ಮತ್ತೆ ಮಾತಾಡಿಸುತ್ತೇನೆ, ಎಲ್ಲರ ಮುಂದೆ ನೀನೇ ಮೊದಲು ಹಲೋ ಅನ್ನಬೇಕು ಅಂತ ಗುರುದೇವಿ ಆಯಿಗೆ ಮಾತು ಕೊಟ್ಟಿದ್ದಳು.

ಹಾಗೆ ಮಾತು ಕೊಡಲು ಒಂದು ಕಾರಣವಿತ್ತು. ಅದನ್ನು ನವಾಜ್‌ಗೂ ಹೇಳಿರಲಿಲ್ಲ, ನಾಚಿಕೆ.

ಆಯಿಗೆ ಒಂದು ಚಟವಿತ್ತು. ಮೊಬೈಲ್ ಬಂದರೆ ಸಾಕು, ಅದನ್ನು ಎಡ ಅಂಗೈ ಮೇಲೆ ಎರಡು ಸಲ ಬಡಿಯುತ್ತಿದ್ದಳು, ಟಪ್ ಟಪ್. ಆಮೇಲೇ ಹಲೋ. ಹೋದ ತಿಂಗಳು ಹಾಗೆ ಬಡಿಯುವಾಗ ಕೈಯ ಉಂಗುರ ತಾಗಿ ಗಾಜು ಬಿರುಕು ಬಿಟ್ಟಿತು. ಅವತ್ತು ಮನೆ ತುಂಬ ನೆಂಟರು. ಗುರುದೇವಿ ಒಂದು ಸೌತೆಕಾಯಿ ಎತ್ತಿಕೊಂಡು, ಸೊಂಟ ಬಗ್ಗಿಸಿ, ಆಯಿಯ ಹಾಗೇ ಟಪ್ ಟಪ್ ಬಡಿದು "ಹಲೋsss" ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಯಿಯೂ ನಕ್ಕಳು.

ಮಾರನೇ ದಿನದಿಂದ ಆಯಿ ಮೊಬೈಲ್ ಮುಟ್ಟಲಿಲ್ಲ. ಸುರಪುರದಿಂದ ರೇಣಮ್ಮ ಅತ್ತಿ ದಿನಾ ಸಂಜೆ ಫೋನ್ ಮಾಡಿದರೆ, ನಾ ಆರಾಮ ಇದೀನಂತ ನೀವೇ ಹೇಳ್ರಿ ಅನ್ನುತ್ತ ಅಕ್ಕಿ ಆರಿಸುತ್ತ ಕೂತುಬಿಡುತ್ತಿದ್ದಳು. ಸ್ವಂತ ಮಗಳ ಫೋನು! ಅದನ್ನು ಕಂಡಾಗಲೆಲ್ಲ ಗುರುದೇವಿ ಅಲ್ಲಿಂದ ಎದ್ದು ಹೋಗುತ್ತಿದ್ದಳು. ಹೋಗಿ ತಪ್ಪಾಯ್ತು ಅನ್ನಲು ಬಾಯಿ ಬರುತ್ತಿರಲಿಲ್ಲ.

ಇರಲಿ, ಫೋನಿನ ಕತೆಗೆ ಬರೋಣ. ಮೊದಲ ದಿನ ಅವು ಕುಂಯ್ ಅನ್ನಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಸೆಲ್ ಕೂರುವ ಹಿತ್ತಾಳೆ ಪಟ್ಟಿಗೆಲ್ಲ ಹಸಿರು ಕಿಲುಬು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಹೊಸ ಸೆಲ್ ಹಾಕಿದರು. ಹಿಡಿಕೆ ತಿರುಗಿಸಿದ ಕೂಡಲೇ ಗಂಟೆ ಹೊಡೆಯಿತು. ಇಬ್ಬರೂ ಕುಣಿದಾಡಿದರು. ನವಾಜ್ ಮಾತಾಡಿದ್ದು ಗುರುದೇವಿಗೆ ಕಿವಿಯ ಹತ್ತಿರವೇ ಇದ್ದಂತೆ ಕೇಳಿತು. ಗುರುದೇವಿ ಮಾತಾಡಿದ್ದು ಮಾತ್ರ ಅವನಿಗೆ ಹೋಗಲೇ ಇಲ್ಲ.

ತಂತಿ ಅದಲುಬದಲು ಮಾಡಿದರು. ಉಹುಂ. ಆಗ ಗುರುದೇವಿಗೆ ಒಂದು ಐಡಿಯಾ ಬಂತು. ರಿಸೀವರಿನ ಬಾಯಿಯ ಕಡೆ ಇದ್ದ ಮುಚ್ಚಳ ತಿರುಗಿಸಿದರೆ ಒಳಗೆ ಒಂದು ದಪ್ಪ ಬಿಲ್ಲೆ ಇತ್ತು, ಎರಡರಲ್ಲೂ ಒಂದೊಂದು. ಇದರ ಬಿಲ್ಲೆ ಅದಕ್ಕೆ ಹಾಕಿದಳು, ಅದರದು ಇದಕ್ಕೆ. ಈಗ ಗುರುದೇವಿಯ ಮಾತು ಅಲ್ಲಿಗೆ ಹೋಯಿತು, ನವಾಜ್‌ನದು ನಿಂತುಹೋಯಿತು.

"ಸಿಕ್ಕಿತು!" ಅಂದಳು. "ತಂತಿ ಚಲೋ ಅದ, ಡಬ್ಬಿ ಚಲೋ ಅದ. ಕಳ್ಳ ಅಂದ್ರ ಈ ಬಿಲ್ಲೆ."

ಕಳ್ಳ ಸಿಕ್ಕರೆ ಆಯಿತೇ? ಬಾಯಿ ಬಿಡಿಸಬೇಕಲ್ಲ. ಆಮೀನಾ ಟೀಚರ್ ಬೇರೆ ಬಂದು, ನಾಳೆ ಸಂಜೆಯೊಳಗೆ ಇದು ಮಾತಾಡದಿದ್ದರೆ ಆ ಟೇಬಲ್ಲು ಜ್ವಾಲಾಮುಖಿ ಮಾಡಿದ ಹುಡುಗಿಯರಿಗೆ ಅಂತ ಹೇಳಿಹೋದರು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಬ್ಯಾಗಿನಲ್ಲಿ ಒಂದೊಂದು ಫೋನು ಹೊತ್ತುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಸರದಾರಸಾಬರ ಅಂಗಡಿಗೆ ಹೋದರು. ಅವರು ಒಂದು ಕಾಲಕ್ಕೆ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಮೊಬೈಲ್ ಮಾಡುತ್ತಾರೆ. ಎರಡೂ ಬಿಲ್ಲೆಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಂದು ಸರಸರ ಅಂದಿತು. ಇನ್ನೊಂದು ಗಪ್‌ಚುಪ್.

"ಇದರಾಗ ಇದ್ದಿಲ ಪುಡಿ ಇರ್ತದ ಬೇಟಿ. ಮಾತಾಡಿದ್ರ ಪುಡಿ ಅಲುಗಬೇಕು, ಆಗ ಮಾತು ತಂತಿಗೆ ಇಳೀತದ. ಇದು ವರ್ಷಗಟ್ಟಲೆ ಕೂತು ಗಟ್ಟಿ ಆಗ್ಯಾದ. ಒಡದ್ರ ಪುಡಿ ಚೆಲ್ಲಿ ಹೋಗ್ತದ, ಹೊಸಾದು ಎಲ್ಲೂ ಸಿಗಂಗಿಲ್ಲ."

ಇಬ್ಬರ ಮುಖವೂ ಇಳಿದುಹೋಯಿತು. ಸರದಾರಸಾಬರಿಗೆ ಪಾಪ ಅನ್ನಿಸಿತೇನೋ, ಡಬ್ಬಿಯೊಳಗೆ ಒಂದು ಸಣ್ಣ ಮೊಬೈಲ್ ಇಟ್ಟು ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂದರು. ನವಾಜ್ ಕಣ್ಣು ಅರಳಿಸಿದ.

"ಆಯಿಗೆ ಗೊತ್ತಾಗ್ತದ್ರಿ," ಅಂದಳು ಗುರುದೇವಿ. ಆ ಗಟ್ಟಿಯಾದ ಬಿಲ್ಲೆ ಎತ್ತಿಕೊಂಡು ತನ್ನ ಫೋನಿಗೇ ಕೂಡಿಸಿ ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಅವ್ವ ಸಾರಿಗೆ ಉಪ್ಪು ಹಾಕುತ್ತಿದ್ದಳು. ಡಬ್ಬಿ ಬಗ್ಗಿಸಿದರೆ ಉಪ್ಪು ಬೀಳಲಿಲ್ಲ, ತೇವಕ್ಕೆ ಗಟ್ಟಿಯಾಗಿತ್ತು. ಅವ್ವ ಡಬ್ಬಿಯನ್ನು ಅಂಗೈ ಮೇಲೆ ಬಡಿದಳು.

ಟಪ್ ಟಪ್.

ಉಪ್ಪು ಸರಸರ ಇಳಿಯಿತು. ಗುರುದೇವಿ ಬಾಯಿ ತೆರೆದುಕೊಂಡು ನಿಂತಳು. ಆಮೇಲೆ ಒಂದೇ ಓಟಕ್ಕೆ ಪಡಸಾಲೆಗೆ ಬಂದಳು.

"ಆಯಿ, ನೀ ಫೋನ್ ಯಾಕ ಬಡೀತಿದ್ದಿ?"

ಆಯಿ ಅಕ್ಕಿಯಿಂದ ತಲೆ ಎತ್ತಲಿಲ್ಲ. "ಆ ಚಟ ಬಿಟ್ಟೀನಿ ಬಿಡವಾ."

ಗುರುದೇವಿಗೆ ಅಳು ಬಂತು. ಇಷ್ಟು ದಿನ ಆಡದೇ ಇಟ್ಟುಕೊಂಡಿದ್ದ ಮಾತು ಹೇಗೋ ಹೊರಗೆ ಬಿತ್ತು. "ತಪ್ಪಾಯ್ತು ಆಯಿ. ಅವತ್ತು ನಾ ಹಂಗ ಮಾಡಬಾರದಿತ್ತು."

ಗುರುದೇವಿ ಫೋನು ತಂದು ಆಯಿಯ ಮುಂದಿಟ್ಟಳು. ಆಯಿ ಮೊರ ಪಕ್ಕಕ್ಕೆ ಸರಿಸಿದಳು. ಸೆರಗಿನಿಂದ ರಿಸೀವರ್ ಒರೆಸಿದಳು. ಒರೆಸುತ್ತಲೇ ಮಾತಾಡತೊಡಗಿದಳು.

ನೀರು ಬಿಡುವ ಮೊದಲು ಕೆಳಗಿನ ಗೇಟಿಗೆ ಹೇಳಬೇಕಿತ್ತಂತೆ. ಕಾಲುವೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಎಮ್ಮೆ ಬಿದ್ದುಕೊಂಡಿರುತ್ತವೆ, ಹುಡುಗರು ಈಜುತ್ತಿರುತ್ತಾರೆ. ಎಲ್ಲರನ್ನೂ ಮೇಲೆ ಕರೆಯಬೇಕು. ಆ ಕಡೆಯವರು "ಮುಟ್ತು" ಅನ್ನುವ ತನಕ ಆಯಿ ನೀರು ಬಿಡಿಸುತ್ತಿರಲಿಲ್ಲ.

"ನನ್ನ ಮಾತು ಮುಟ್ಟಲಿಲ್ಲಂದ್ರ ಅವರ ಗತಿ ಏನು? ಅದಕ್ಕ ಮೊದಲ ಎರಡು ಸಲ ಬಡದು, ಆಮೇಲೇ ಮಾತಾಡ್ತಿದ್ದೆ. ಮೂವತ್ತು ವರ್ಷ. ಕೈಗೆ ರೂಢಿ ಆಗಿಬಿಟ್ಟದ ನೋಡು."

ಆಯಿ ರಿಸೀವರಿನ ಬಾಯಿ ಕೆಳಗೆ ಮಾಡಿ, ಅಂಗೈ ಮೇಲೆ ಮೆಲ್ಲಗೆ, ಸಪಾಟಾಗಿ ಬಡಿದಳು. ಟಪ್ ಟಪ್. ಗುರುದೇವಿಯ ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಸರಸರ.

ಶುಕ್ರವಾರ ಆಮೀನಾ ಟೀಚರ್ ಫೋನಿನಲ್ಲಿ ಎರಡು ನಿಮಿಷ ಮಾತಾಡಿ, ನಕ್ಕು, ಟೇಬಲ್ಲು ನಿಮ್ಮದೇ ಅಂದರು.

ಶನಿವಾರ ಹಾಲ್ ತುಂಬ ಜನ. ಗುರುದೇವಿ ಒಂದು ಫೋನಿನ ಮುಂದೆ, ಆಯಿ ಬಿಸಿಯೂಟದ ಕೋಣೆಯಲ್ಲಿ ಇನ್ನೊಂದರ ಮುಂದೆ. ಎಲ್ಲರಿಗೂ ಕೇಳಲಿ ಅಂತ ನವಾಜ್ ಶಾಲೆಯ ಮೈಕನ್ನು ರಿಸೀವರಿನ ಕಿವಿಯ ಕಡೆಗೆ ಹಿಡಿದಿದ್ದ. ಗುರುದೇವಿ ಹಿಡಿಕೆ ತಿರುಗಿಸಿದಳು. ಅಂಗಳದಾಚೆ ಗಂಟೆ ಹೊಡೆಯಿತು. ಮೈಕಿನಲ್ಲಿ ಆಯಿಯ ದನಿ ಬಂತು, "ಹಲೋ."

ಚಪ್ಪಾಳೆಯೋ ಚಪ್ಪಾಳೆ.

"ಆಯಿ, ಕೇಳಸ್ತದೇನು?"

"ಹಲೋ? ಯಾರದು? ಏನೂ ಕೇಳವಲ್ದು."

ಚಪ್ಪಾಳೆ ನಿಂತಿತು. ಜ್ವಾಲಾಮುಖಿ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುದೇವಿ ಹೆದರಲಿಲ್ಲ, ಪುಡಿ ಮತ್ತೆ ಕೂತುಬಿಟ್ಟಿದೆ ಅಷ್ಟೆ. ರಿಸೀವರ್ ಇಳಿಸಿ, ಬಾಯಿ ಕೆಳಗೆ ಮಾಡಿ, ಎಲ್ಲರ ಮುಂದೆ ಅಂಗೈ ಮೇಲೆ ಬಡಿದಳು. ಟಪ್ ಟಪ್.

ಇಡೀ ಹಾಲ್ ಗೊಳ್ ಅಂತ ನಕ್ಕಿತು. ಸೌತೆಕಾಯಿಯ ದಿನ ಮನೆಯಲ್ಲಿ ಎದ್ದದ್ದು ಇದೇ ನಗು. ಗುರುದೇವಿಯ ಕಿವಿ ಬಿಸಿಯಾಯಿತು. ಆವತ್ತು ಆಯಿಯ ಕಿವಿಯೂ ಹೀಗೇ ಬಿಸಿಯಾಗಿರಬೇಕು.

"ಆಯಿ," ಅಂದಳು, "ನನ್ನ ಮಾತು ಮುಟ್ತೇನು?"

ಮೈಕಿನಲ್ಲಿ, ಹಾಲಿನ ಕೊನೇ ಬೆಂಚಿನ ತನಕ, ಮೂವತ್ತು ವರ್ಷ ಗೇಟು ಕಾದವಳ ದನಿ ಗಟ್ಟಿಯಾಗಿ ಬಂತು.

"ಮುಟ್ತು, ನನ್ನವ್ವ. ಗುರುವಾರನ ಮುಟ್ಟ್ಯಾದ. ನೀರು ಬಿಡ್ರಿ!"

ಆ ಚಪ್ಪಾಳೆ ಬಸ್ ಸ್ಟ್ಯಾಂಡಿನ ತನಕ ಕೇಳಿರಬೇಕು. ನವಾಜ್ ಮೈಕ್ ಹಿಡಿದುಕೊಂಡೇ ಕುಣಿದ.

ಅವತ್ತು ಸಂಜೆ ಮೊಬೈಲ್ ಹೊಡೆಯಿತು, ಸುರಪುರದ ರೇಣಮ್ಮ ಅತ್ತಿಯದು. ಅಪ್ಪ ಎತ್ತಲು ಹೋದರೆ ಆಯಿ ಕೈ ಚಾಚಿ ಇಲ್ಲಿ ಕೊಡು ಅಂದಳು. ಮೊಬೈಲ್ ಹಿಡಿದು ಕೈ ಎತ್ತಿದವಳು, ಬಿರುಕು ಬಿಟ್ಟ ಗಾಜು ನೋಡಿ, ಉಂಗುರದ ಕೈ ನೋಡಿ, ಹಾಗೇ ತಡೆದಳು.

ಗುರುದೇವಿ ಓಡಿಬಂದು ಅದರ ಕೆಳಗೆ ತನ್ನ ಅಂಗೈ ಹಿಡಿದಳು.

ಟಪ್ ಟಪ್.

"ಹಲೋ, ರೇಣಾ," ಅಂದಳು ಆಯಿ. ಒಂದು ತಿಂಗಳಿಂದ ಮಗಳಿಗೆ ಹೇಳದೇ ಉಳಿದದ್ದು ಬಹಳ ಇತ್ತು. ಗುರುದೇವಿ ಆಯಿಯ ತೊಡೆಗೆ ಒರಗಿ ಎಲ್ಲವನ್ನೂ ಕೇಳುತ್ತ ಕೂತಳು.